ಪೆನ್ಸಿಲ್ ಸೆಲ್‌ಗೆ ಫಾಸ್ಟ್ ಚಾರ್ಜರ್: ದುಡ್ಡು ಕೊಡೋ ಮುಂಚೆ ಈ 7 ವಿಷಯ ನೋಡಿ



ಈ ವಾರ ಗೊಬ್ಬರ ಇಲ್ಲ, ಜೀವಾಮೃತ ಇಲ್ಲ, ರೋಗ ಕೀಟವೂ ಇಲ್ಲ. ಈ ವಾರ ಸೆಲ್ಲು. ಹೆಡ್‌ಲ್ಯಾಂಪ್, ಟಾರ್ಚು, ತೂಕದ ಯಂತ್ರ, ಬಿಪಿ ನೋಡೋ ಮಷೀನು, ಡ್ರಿಪ್ ಟೈಮರ್, ಪಾಲಿಹೌಸ್‌ನ ತಾಪಮಾನ ಮೀಟರ್ ಇವಕ್ಕೆಲ್ಲ ಹಾಕ್ತೀವಲ್ಲ, ಆ ಪೆನ್ಸಿಲ್ ಸೆಲ್ಲು. ಅದನ್ನು ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸಬೇಕು ಅಂದರೆ ಎಂಥ ಚಾರ್ಜರ್ ತಗೋಬೇಕು ಅನ್ನೋದು ಇವತ್ತಿನ ಪಾಠ.

"ಇದಕ್ಕೂ ಒಂದು ಲೇಖನ ಬೇಕಾ?" ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸ್ತಿತ್ತು, ಒಂದು ರಾತ್ರಿಯವರೆಗೆ.

ಆ ರಾತ್ರಿ ಏನಾಯ್ತು

ಕೆಲವು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಆ ವಾರ ನಮ್ಮ ಕಡೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿ. ಎರಡು ಗಂಟೆಗೆ ಎದ್ದು ಪಪ್ಪಾಯ ತೋಟದ ವಾಲ್ವ್ ಬದಲಾಯಿಸೋಕೆ ಹೊರಟೆ. ತಲೆಗೆ ಹೆಡ್‌ಲ್ಯಾಂಪ್. ಹಿಂದಿನ ದಿನವಷ್ಟೇ ಸೆಲ್ ಚಾರ್ಜ್ ಮಾಡಿದ್ದೆ, ಹಾಗಾಗಿ ಧೈರ್ಯ. ಮೊಬೈಲು ಮನೇಲೇ ಚಾರ್ಜಿಗೆ ಹಾಕಿ ಬಿಟ್ಟಿದ್ದೆ.

ಬದುವಿನ ಅರ್ಧ ದಾರಿಗೆ ಬಂದಾಗ ಲೈಟು ಆರಿಹೋಯ್ತು. ನಿಧಾನಕ್ಕೆ ಮಂಕಾಗಿ ಆರಿದ್ದಲ್ಲ, ಸ್ವಿಚ್ ಒತ್ತಿದ ಹಾಗೆ ಹೋಯ್ತು. ಕತ್ತಲಲ್ಲಿ ಇನ್ನೊಂದು ಹೆಜ್ಜೆ ಇಡಬೇಕು ಅನ್ನುವಾಗ ಮುಂದಿನಿಂದ ಕುಕ್ಕರ್ ಸೀಟಿಗೆ ಮುಂಚೆ ಬರುತ್ತಲ್ಲ, ಆ ಥರ ಬುಸ್ಸನೆ ಶಬ್ದ. ಕಾಲು ಅಲ್ಲೇ ನಿಂತವು. ಜೋರಾಗಿ ಅಪ್ಪನನ್ನು ಕೂಗಿದೆ. ಅವರು ಹಳೇ ಟಾರ್ಚ್ ಹಿಡ್ಕೊಂಡು ಬರೋವರೆಗೆ ಅಲ್ಲಾಡದೆ ನಿಂತೆ. ಬೆಳಕು ಬಿದ್ದಾಗ ನಾಲ್ಕಡಿ ಮುಂದೆ ಕೊಳಕುಮಂಡಲ ಸುರುಳಿ ಸುತ್ತಿಕೊಂಡು ಕೂತಿತ್ತು.

ಬೆಳಿಗ್ಗೆ ಯೋಚನೆ ಮಾಡಿದೆ. ನಿನ್ನೆ ಚಾರ್ಜ್ ಮಾಡಿದ ಸೆಲ್ಲು ಹತ್ತು ನಿಮಿಷಕ್ಕೆ ಯಾಕೆ ಕೈಕೊಟ್ಟಿತು? ಹುಡುಕುತ್ತಾ ಹೋದರೆ ತಪ್ಪೆಲ್ಲ ಚಾರ್ಜರ್‌ನದು ಮತ್ತು ಅದನ್ನು ಬಳಸಿದ ನನ್ನದು. ಆ ತಪ್ಪುಗಳನ್ನೇ ಒಂದೊಂದಾಗಿ ಬಿಡಿಸಿ ಹೇಳ್ತೀನಿ.

ಮೊದಲು ಸೆಲ್ ಬಗ್ಗೆ ಎರಡು ಮಾತು

ಅಂಗಡಿಯಲ್ಲಿ ಸಿಗೋ ಸಾಮಾನ್ಯ ಸೆಲ್ಲು 1.5 ವೋಲ್ಟ್. ಅದು ಸತು-ಇಂಗಾಲದ್ದು ಅಥವಾ ಆಲ್ಕಲೈನ್. ಇವನ್ನು ಚಾರ್ಜ್ ಮಾಡೋ ಹಾಗಿಲ್ಲ. ಮಾಡಿದರೆ ಒಳಗೆ ಗ್ಯಾಸ್ ತುಂಬಿ ಸೋರುತ್ತೆ. ಆಲ್ಕಲೈನ್ ಸೆಲ್‌ನಿಂದ ಸೋರೋದು ಪೊಟ್ಯಾಷಿಯಂ ಹೈಡ್ರಾಕ್ಸೈಡ್, ಚರ್ಮ ಸುಡುವ ಕ್ಷಾರ.

ಮರುಚಾರ್ಜ್ ಆಗೋ ಪೆನ್ಸಿಲ್ ಸೆಲ್ ಈಗ ಹೆಚ್ಚಾಗಿ ನಿಕಲ್ ಮೆಟಲ್ ಹೈಡ್ರೈಡ್. ಇದು 1.2 ವೋಲ್ಟ್. ಎಎ ಸೈಜಿನದು (ನಮ್ಮ ಪೆನ್ಸಿಲ್ ಸೆಲ್) ಸುಮಾರು 1900ರಿಂದ 2500 ಎಂಎಎಚ್. ಎಎಎ ಸೈಜಿನದು (ರಿಮೋಟಿನ ಸಣ್ಣ ಸೆಲ್) ಸುಮಾರು 750ರಿಂದ 1000 ಎಂಎಎಚ್. ಎಎ ಸೆಲ್ ಮೇಲೆ 3500, 4000 ಅಂತ ಬರೆದಿದ್ದರೆ ಅದು ಸುಳ್ಳು ಲೇಬಲ್ಲು. ನಂಬಬೇಡಿ.

ಇದರಲ್ಲೂ ಎರಡು ಜಾತಿ. ಹಳೇ ಥರದವು ಚಾರ್ಜ್ ಮಾಡಿ ಸುಮ್ಮನೆ ಇಟ್ಟರೂ ಕೆಲವು ವಾರದಲ್ಲಿ ಇಳಿದುಹೋಗ್ತವೆ. ಹೊಸ ಥರದವು "ಲೋ ಸೆಲ್ಫ್ ಡಿಸ್ಚಾರ್ಜ್". ಇವು ವರ್ಷ ಬಿಟ್ಟು ನೋಡಿದರೂ ಮುಕ್ಕಾಲು ಪಾಲು ಆಸುಪಾಸು ಚಾರ್ಜ್ ಉಳಿಸಿಕೊಂಡಿರುತ್ತವೆ. 2005ರಲ್ಲಿ ಜಪಾನಿನ ಸಾನ್ಯೋ ಕಂಪನಿ ಎನೆಲೂಪ್ ಹೆಸರಲ್ಲಿ ತಂದ ಮೇಲೆ ಈ ಜಾತಿ ಹೆಸರಾಯ್ತು. ಈಗ ಬೇರೆ ಬೇರೆ ಕಂಪನಿಗಳವೂ ಸಿಗ್ತವೆ. ಪ್ಯಾಕೆಟ್ ಮೇಲೆ "ಪ್ರೀಚಾರ್ಜ್ಡ್" ಅಥವಾ "ರೆಡಿ ಟು ಯೂಸ್" ಅಂತ ಇದ್ದರೆ ಸಾಮಾನ್ಯವಾಗಿ ಇದೇ ಜಾತಿ. ಹೊಲದ ಕೆಲಸಕ್ಕೆ ಇದನ್ನೇ ತಗೊಳ್ಳಿ. ಬೇಕಾದ ದಿನ ಖಾಲಿ ಇರೋ ಸೆಲ್ಲಿಂದ ಏನು ಪ್ರಯೋಜನ?

ಇನ್ನೊಂದು ಮುಖ್ಯ ವಿಷಯ. ಸಾದಾ ಸೆಲ್ಲಿನ ಟಾರ್ಚು ಮಂಕಾಗ್ತಾ ಮಂಕಾಗ್ತಾ ಆರುತ್ತೆ, ಮೊದಲೇ ಎಚ್ಚರಿಕೆ ಕೊಡುತ್ತೆ. ನಿಕಲ್ ಸೆಲ್ಲು ಹಾಗಲ್ಲ. ಹೆಚ್ಚು ಹೊತ್ತು 1.2 ವೋಲ್ಟ್ ಆಸುಪಾಸಲ್ಲೇ ನಿಂತು, ಕೊನೆಗೆ ಒಮ್ಮೆಲೇ ಕುಸಿಯುತ್ತೆ. ನನ್ನ ಹೆಡ್‌ಲ್ಯಾಂಪ್ ಹಠಾತ್ತನೆ ಆರಿದ್ದು ಇದಕ್ಕೇ. ಆದ್ದರಿಂದ ನಿಕಲ್ ಸೆಲ್ ಬಳಸೋರು ಜೇಬಲ್ಲಿ ಇನ್ನೊಂದು ಸೆಟ್ ಇಟ್ಕೊಳ್ಳಲೇಬೇಕು.

ಫಾಸ್ಟ್ ಅಂದರೆ ಎಷ್ಟು ಫಾಸ್ಟ್?

ಲೆಕ್ಕ ಸುಲಭ. ಸೆಲ್ಲಿನ ಎಂಎಎಚ್ ಅನ್ನು ಚಾರ್ಜರ್ ಕೊಡೋ ಮಿಲಿಆಂಪ್‌ನಿಂದ ಭಾಗಿಸಿ, 1.2ರಿಂದ ಗುಣಿಸಿ. ಬಂದದ್ದು ಗಂಟೆ. (ತುಂಬಾ ನಿಧಾನದ ಚಾರ್ಜರ್‌ಗೆ 1.5ರಿಂದ ಗುಣಿಸಿ, ಯಾಕೆಂದರೆ ಅಲ್ಲಿ ನಷ್ಟ ಜಾಸ್ತಿ.)

- 2000 ಎಂಎಎಚ್ ಎಎ ಸೆಲ್, 200 ಮಿಲಿಆಂಪ್: 14ರಿಂದ 16 ಗಂಟೆ
- ಅದೇ ಸೆಲ್, 500 ಮಿಲಿಆಂಪ್: ಸುಮಾರು 5 ಗಂಟೆ
- ಅದೇ ಸೆಲ್, 1000 ಮಿಲಿಆಂಪ್: ಸುಮಾರು ಎರಡೂವರೆ ಗಂಟೆ
- 800 ಎಂಎಎಚ್ ಎಎಎ ಸೆಲ್, 400 ಮಿಲಿಆಂಪ್: ಸುಮಾರು ಎರಡೂವರೆ ಗಂಟೆ

ಹಳೇ ಕಾಲದ ರಾತ್ರಿಯಿಡೀ ಚಾರ್ಜರ್ ಅಂದರೆ ಮೊದಲನೇದು. ನಮ್ಮ ಹಳ್ಳಿಗಳಲ್ಲಿ ಒಂದೇ ಸಮನೆ 15 ಗಂಟೆ ಕರೆಂಟ್ ಇರೋ ದಿನ ಎಷ್ಟು? ಅದಕ್ಕೇ ನಮಗೆ ಫಾಸ್ಟ್ ಚಾರ್ಜರ್ ಬೇಕು. ಶೋಕಿಗಲ್ಲ.

ಹಾಗಂತ ಅತಿ ಫಾಸ್ಟೂ ಬೇಡ. ಹಿಂದೆ 15 ನಿಮಿಷದಲ್ಲಿ ಚಾರ್ಜ್ ಮಾಡೋ ಚಾರ್ಜರ್‌ಗಳೂ ಬಂದಿದ್ದವು, ಒಳಗೆ ಫ್ಯಾನ್ ಬೇರೆ ಇರ್ತಿತ್ತು. ಆ ಬಿಸಿಗೆ ಸೆಲ್ಲಿನ ಆಯಸ್ಸು ಬೇಗ ತೀರುತ್ತೆ. ಎರೆಮಣ್ಣಿಗೆ ಒಂದೇ ಸಲ ಹಾಯಿ ನೀರು ಬಿಟ್ಟರೆ ಕುಡಿಯೋದಕ್ಕಿಂತ ಹರಿದುಹೋಗೋದೇ ಜಾಸ್ತಿ ಅಲ್ವಾ? ಸೆಲ್ಲೂ ಹಾಗೇ, ಕುಡಿಯೋಕೆ ಅದಕ್ಕೊಂದು ವೇಗ ಇದೆ.

ನನ್ನ ಸಲಹೆ: ಎಎ ಸೆಲ್ಲಿಗೆ 500ರಿಂದ 1000 ಮಿಲಿಆಂಪ್, ಎಎಎ ಸೆಲ್ಲಿಗೆ 300ರಿಂದ 500 ಮಿಲಿಆಂಪ್. ಎರಡರಿಂದ ಐದು ಗಂಟೆಯಲ್ಲಿ ಕೆಲಸ ಮುಗಿಯುತ್ತೆ, ಸೆಲ್ಲೂ ಬಾಳುತ್ತೆ.

ಕೊಳ್ಳೋ ಮುಂಚೆ ನೋಡಬೇಕಾದ 7 ವಿಷಯ

1. ತಾನೇ ನಿಲ್ಲಬೇಕು, ಗಡಿಯಾರ ನೋಡಿ ಅಲ್ಲ

ಇದೇ ಎಲ್ಲಕ್ಕಿಂತ ದೊಡ್ಡದು. ಚಾರ್ಜರ್‌ಗಳಲ್ಲಿ ಮೂರು ಥರ.

ಮೊದಲನೇದು ನಿಲ್ಲೋದೇ ಇಲ್ಲ, ನೀವೇ ಪ್ಲಗ್ ತೆಗೀಬೇಕು. ಎರಡನೇದು ಟೈಮರ್ ಇರೋದು, ಇಷ್ಟು ಗಂಟೆ ಆದ ಮೇಲೆ ನಿಲ್ಲುತ್ತೆ. ಮೂರನೇದು ಸೆಲ್ ತುಂಬಿದ್ದನ್ನು ಗುರುತಿಸಿ ನಿಲ್ಲೋದು.

ಟೈಮರ್ ಚಾರ್ಜರ್ ಪಟ್ಟಣದಲ್ಲಿ ಹೇಗೋ ನಡೆಯುತ್ತೆ. ನಮಗೆ ಅದೇ ಶತ್ರು. ಯಾಕೆ ಗೊತ್ತಾ? ಕರೆಂಟ್ ಹೋಗಿ ಬಂದರೆ ಇಂಥ ಚಾರ್ಜರ್‌ನ ಟೈಮರ್ ಮತ್ತೆ ಸೊನ್ನೆಯಿಂದ ಶುರು. ನಾಲ್ಕು ಗಂಟೆ ಚಾರ್ಜ್ ಆದ ಮೇಲೆ ಕರೆಂಟ್ ಹೋಯ್ತು, ಬಂತು. ತುಂಬಿದ ಸೆಲ್ಲಿಗೆ ಮತ್ತೆ ಪೂರ್ತಿ ಸಮಯ ತುರುಕುತ್ತೆ. ಟ್ಯಾಂಕ್ ತುಂಬಿದ ಮೇಲೂ ಮೋಟಾರ್ ಓಡಿದ ಹಾಗೆ. ಟ್ಯಾಂಕಾದರೆ ನೀರು ಹೊರಗೆ ಚೆಲ್ಲುತ್ತೆ, ಸೆಲ್ಲಿನಲ್ಲಿ ಹೊರಗೆ ಚೆಲ್ಲೋಕೆ ಜಾಗ ಇಲ್ಲ. ಆ ಶಕ್ತಿಯೆಲ್ಲ ಒಳಗೇ ಬಿಸಿ ಆಗುತ್ತೆ. ನನ್ನ ಸೆಲ್ಲುಗಳಿಗೆ ಆಗಿದ್ದು ಇದೇ. ಆ ದಿನ ಮೂರು ಸಲ ಕರೆಂಟ್ ಹೋಗಿ ಬಂದಿತ್ತು.

ಒಳ್ಳೆ ಚಾರ್ಜರ್ ಹೇಗೆ ಗುರುತಿಸುತ್ತೆ? ನಿಕಲ್ ಸೆಲ್ಲು ತುಂಬುತ್ತಾ ಹೋದ ಹಾಗೆ ಅದರ ವೋಲ್ಟೇಜ್ ಏರುತ್ತೆ. ಪೂರ್ತಿ ತುಂಬಿದ ಮೇಲೆ ಒಳಗೆ ಆಮ್ಲಜನಕ ಹುಟ್ಟಿ, ಅದು ಮತ್ತೆ ಸೇರಿಕೊಳ್ಳುವಾಗ ಬಿಸಿಯಾಗುತ್ತೆ. ಆ ಬಿಸಿಗೆ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಕೆಳಗೆ ಇಳಿಯುತ್ತೆ. ಆ ಸಣ್ಣ ಇಳಿತವನ್ನು ಹಿಡಿದು ಚಾರ್ಜರ್ ನಿಲ್ಲುತ್ತೆ. ಇದಕ್ಕೆ "ಮೈನಸ್ ಡೆಲ್ಟಾ ವಿ" ಅಂತಾರೆ. ಡಬ್ಬದ ಮೇಲೆ ಇದನ್ನು ಹುಡುಕಿ. "ಸ್ಮಾರ್ಟ್", "ಇಂಟೆಲಿಜೆಂಟ್" ಅನ್ನೋ ಪದ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅದಷ್ಟೇ ಸಾಲದು.

ಒಂದು ತಮಾಷೆ ಗಮನಿಸಿ. ಚಾರ್ಜ್ ವೇಗ ತೀರಾ ಕಡಿಮೆ ಇದ್ದರೆ ಈ ಇಳಿತ ಕಾಣಿಸೋದೇ ಇಲ್ಲ, ಚಾರ್ಜರ್‌ಗೆ ಗೊತ್ತಾಗಲ್ಲ. ಅಂದರೆ ಈ ಜಾತಿ ಚಾರ್ಜರ್‌ನಲ್ಲಿ ಮಧ್ಯಮ ವೇಗವೇ ಸೆಲ್ಲಿಗೆ ಸುರಕ್ಷಿತ. "ನಿಧಾನ ಆದಷ್ಟೂ ಒಳ್ಳೇದು" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಇಳಿತ ತಪ್ಪಿಹೋದರೆ ಅಂತ ಒಳ್ಳೆ ಚಾರ್ಜರ್‌ಗಳಲ್ಲಿ ಟೈಮರ್ ಕೂಡ ಕಾವಲಿಗೆ ಇರುತ್ತೆ. ಅದು ಇರಲಿ. ಬರೀ ಟೈಮರ್ ಇರಬಾರದು ಅಷ್ಟೇ.

2. ಒಂದೊಂದು ಸೆಲ್ಲಿಗೆ ಒಂದೊಂದು ಸಾಲು

ಅಗ್ಗದ ಚಾರ್ಜರ್‌ಗಳು ಸೆಲ್ಲುಗಳನ್ನು ಜೋಡಿ ಜೋಡಿಯಾಗಿ ಚಾರ್ಜ್ ಮಾಡ್ತವೆ. ಎರಡು ಹಾಕಿದರೆ ಮಾತ್ರ ಕೆಲಸ. ಆ ಜೋಡಿಯಲ್ಲಿ ಒಂದು ಅರ್ಧ ತುಂಬಿದ್ದು, ಇನ್ನೊಂದು ಖಾಲಿ ಇದ್ದರೆ, ಒಂದಕ್ಕೆ ಅಜೀರ್ಣ, ಇಲ್ಲಾ ಇನ್ನೊಂದಕ್ಕೆ ಹಸಿವು.

ಈಗ ನಿಮ್ಮ ಹೆಡ್‌ಲ್ಯಾಂಪ್ ತೆಗೆದು ನೋಡಿ. ಎಷ್ಟೋ ಹೆಡ್‌ಲ್ಯಾಂಪ್‌ಗಳಿಗೆ ಮೂರು ಎಎಎ ಸೆಲ್ಲು. ಜೋಡಿ ಚಾರ್ಜರ್‌ನಲ್ಲಿ ಮೂರು ಸೆಲ್ ಹೇಗೆ ಹಾಕ್ತೀರಿ? ನಾನು ಮಾಡಿದ್ದು ಏನು ಅಂದರೆ, ಟಿವಿ ರಿಮೋಟ್‌ನಿಂದ ಒಂದು ಚಾರ್ಜಬಲ್ ಸೆಲ್ ತೆಗೆದು ನಾಲ್ಕನೇದಾಗಿ ಸೇರಿಸ್ತಿದ್ದೆ. ಅದು ಯಾವಾಗಲೂ ಅರ್ಧ ತುಂಬಿರ್ತಿತ್ತು. ಹೊರಗೆ ತೆಗೆದ ಮೇಲೆ ಯಾವುದು ಯಾವುದು ಅಂತ ಗುರುತೂ ಇಲ್ಲ, ಕಲಸಿಹೋಗ್ತಿದ್ದವು.

ಹೀಗೆ ಕಲಸಿದ ಸೆಲ್ಲುಗಳು ಹೆಡ್‌ಲ್ಯಾಂಪ್‌ನಲ್ಲಿ ಸಾಲಾಗಿ ಕೂತಾಗ, ದುರ್ಬಲವಾದದ್ದು ಮೊದಲು ಖಾಲಿಯಾಗುತ್ತೆ. ಉಳಿದ ಎರಡು ಅದನ್ನು ಉಲ್ಟಾ ದಿಕ್ಕಿಗೆ ತಳ್ತವೆ. ಅದಕ್ಕೆ ಶಾಶ್ವತ ಹಾನಿ. ಮುಂದಿನ ಸಲ ಅದು ಇನ್ನೂ ಬೇಗ ಕೈಕೊಡುತ್ತೆ.

ಆದ್ದರಿಂದ "ಇಂಡಿವಿಜುವಲ್ ಚಾನೆಲ್" ಇರೋದನ್ನೇ ತಗೊಳ್ಳಿ. ಪ್ರತಿ ಸೆಲ್ಲಿಗೂ ಬೇರೆ ದೀಪ ಅಥವಾ ಪರದೆಯಲ್ಲಿ ಬೇರೆ ಅಂಕಿ ಇರಬೇಕು.

3. ಮಿಲಿಆಂಪ್ ಪ್ರತಿ ಸೆಲ್ಲಿಗಾ, ಒಟ್ಟಾ?

ಡಬ್ಬದ ಮುಂದೆ ದೊಡ್ಡದಾಗಿ "1000 ಮಿಲಿಆಂಪ್ ಫಾಸ್ಟ್" ಅಂತ ಇರುತ್ತೆ. ಹಿಂದೆ ಸಣ್ಣಕ್ಷರದಲ್ಲಿ ನೋಡಿದರೆ "2 ಸೆಲ್ ಹಾಕಿದರೆ 1000, 4 ಸೆಲ್ ಹಾಕಿದರೆ 500". ಇದು ಮೋಸ ಅಲ್ಲ, ಆದರೆ ಗೊತ್ತಿರಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಡಬ್ಬದ ಹಿಂಬದಿ ಫೋಟೋ ಹಿಗ್ಗಿಸಿ ಓದಿ. ಫೋಟೋ ಇಲ್ಲದಿದ್ದರೆ ಬಿಟ್ಟುಬಿಡಿ.

ಎಎಎಗೆ ಬೇರೆ ಕರೆಂಟ್ ಬರೆದಿದೆಯಾ ಅಂತಲೂ ನೋಡಿ. ಸಣ್ಣ ಸೆಲ್ಲಿಗೂ ದೊಡ್ಡದರ ಹಾಗೆ 1000 ಕೊಟ್ಟರೆ ಅದು ಕಾದುಹೋಗುತ್ತೆ.

4. ಬಿಸಿ ನೋಡೋ ವ್ಯವಸ್ಥೆ

ತಾಪಮಾನ ಮಿತಿ ಮೀರಿದರೆ ನಿಲ್ಲೋ ಚಾರ್ಜರ್ ನಮ್ಮ ಸೆಕೆಗೆ ಬೇಕೇ ಬೇಕು. ನಿಕಲ್ ಸೆಲ್ಲಿಗೆ ಚಾರ್ಜ್ ಮಾಡೋಕೆ 10ರಿಂದ 30 ಡಿಗ್ರಿ ಒಳ್ಳೆ ಹವೆ. 40 ದಾಟಿದ ಮೇಲೆ ಅದು ಸರಿಯಾಗಿ ತುಂಬಲ್ಲ, ತುಂಬಿದ ಗುರುತೂ ಸರಿಯಾಗಿ ಸಿಗಲ್ಲ. ರಾಯಚೂರು, ಕಲಬುರಗಿ ಕಡೆಯವರಿಗೆ ಬೇಸಿಗೆಯ ಮಧ್ಯಾಹ್ನ ನೆರಳಲ್ಲೇ 40 ಇರುತ್ತೆ. ನಾನು ಚಾರ್ಜ್ ಮಾಡಿದ್ದು ಏಪ್ರಿಲ್ ಮಧ್ಯಾಹ್ನ, ತಗಡಿನ ಪಂಪ್ ಶೆಡ್ಡಿನ ಒಳಗೆ. ಬೇರೆ ಹೇಳೋದೇ ಬೇಡ.

ಯಾವ ಚಾರ್ಜರ್ ಇದ್ದರೂ ಬೇಸಿಗೆಯಲ್ಲಿ ಮನೆಯೊಳಗೆ, ಗಾಳಿ ಆಡೋ ಕಡೆ, ಸಂಜೆ ಮೇಲೆ ಅಥವಾ ಬೆಳಗಿನ ಜಾವ ಚಾರ್ಜ್ ಮಾಡಿ. ಹಾಸಿಗೆ ಮೇಲೆ, ಗೋಣಿಚೀಲದ ಮೇಲೆ, ಹುಲ್ಲಿನ ಹತ್ತಿರ ಬೇಡ.

5. ಕರೆಂಟ್ ಎಲ್ಲಿಂದ ಬರುತ್ತೆ

ಎರಡು ಥರ ಇವೆ: ನೇರ ಗೋಡೆ ಪ್ಲಗ್ಗಿಗೆ ಹಾಕೋದು, ಯುಎಸ್‌ಬಿ ಕೇಬಲ್‌ನಿಂದ ಓಡೋದು.

ಗೋಡೆ ಪ್ಲಗ್ಗಿನದಾದರೆ "100-240 ವೋಲ್ಟ್" ಅಂತ ಬರೆದಿರಲಿ. ಹಳ್ಳಿ ಲೈನಿನಲ್ಲಿ ವೋಲ್ಟೇಜ್ 160, 170ಕ್ಕೆ ಇಳಿದರೂ ಅದು ಕೆಲಸ ಮಾಡುತ್ತೆ. ಜಾಸ್ತಿ ವೋಲ್ಟೇಜಿಗೆ ಮಾತ್ರ ರಕ್ಷಣೆ ಇಲ್ಲ, ಗುಡುಗು ಮಿಂಚು ಶುರುವಾದರೆ ಪ್ಲಗ್ ತೆಗೀರಿ.

ನನಗೆ ಇಷ್ಟ ಯುಎಸ್‌ಬಿಯದು. ಮೊಬೈಲ್ ಅಡಾಪ್ಟರ್, ಪವರ್ ಬ್ಯಾಂಕ್, ಟ್ರ್ಯಾಕ್ಟರ್ ಅಥವಾ ಕಾರಿನ ಸಾಕೆಟ್, ಸೋಲಾರ್ ದೀಪದ ಯುಎಸ್‌ಬಿ ಕಿಂಡಿ, ಎಲ್ಲಿಂದ ಬೇಕಾದರೂ ಓಡುತ್ತೆ. ಆದರೆ ಶಕ್ತಿ ಲೆಕ್ಕ ಹಾಕಿ. ನಾಲ್ಕು ಸೆಲ್ಲಿಗೆ ತಲಾ 1000 ಮಿಲಿಆಂಪ್ ಬೇಕು ಅಂದರೆ, ಸುಮಾರು 1.45 ವೋಲ್ಟ್ ಹಿಡಿದು 5.8 ವ್ಯಾಟ್ ಆಯ್ತು. ನಷ್ಟ ಸೇರಿಸಿದರೆ 8 ವ್ಯಾಟ್ ಹತ್ತಿರ. 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ 10 ವ್ಯಾಟ್ ಕೊಡುತ್ತೆ, ಸಾಕು. ಅದೇ ಹಳೇ ಕಂಪ್ಯೂಟರ್‌ನ ಕಿಂಡಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಅದಕ್ಕೆ ಹಾಕಿ "ಫಾಸ್ಟ್ ಅಂದ್ರು, ನಿಧಾನ ಇದೆ" ಅಂತ ಬೈಕೋಬೇಡಿ.

ಸಣ್ಣ ಸೋಲಾರ್ ಪ್ಯಾನಲ್‌ಗೆ ನೇರ ಜೋಡಿಸೋದೂ ಬೇಡ. ಮೋಡ ಬಂದಾಗಲೆಲ್ಲ ಚಾರ್ಜರ್ ಆಫ್ ಆಗಿ ಹೊಸದಾಗಿ ಶುರುವಾಗುತ್ತೆ. ಸೋಲಾರ್‌ನಿಂದ ಪವರ್ ಬ್ಯಾಂಕ್ ತುಂಬಿಸಿ, ಸಂಜೆ ಅದರಿಂದ ಸೆಲ್ ಚಾರ್ಜ್ ಮಾಡಿ.

6. ಯಾವ ಜಾತಿ ಸೆಲ್ಲಿಗೆ

ಎಎ ಸೈಜಿನಲ್ಲೇ ಲಿಥಿಯಂ ಸೆಲ್ಲೂ ಬರುತ್ತೆ. 14500 ಅನ್ನೋ ಸೆಲ್ಲು ನೋಡೋಕೆ ಪೆನ್ಸಿಲ್ ಸೆಲ್ಲಿನ ಹಾಗೇ, ಆದರೆ 3.7 ವೋಲ್ಟ್. ಚಾರ್ಜ್ ಆಗೋದು 4.2 ವೋಲ್ಟ್‌ವರೆಗೆ. ಅದನ್ನು ಬರೀ ನಿಕಲ್ ಚಾರ್ಜರ್‌ಗೆ ಹಾಕಬಾರದು, ಸಾದಾ ಟಾರ್ಚಿಗೂ ಹಾಕಬಾರದು. ಬೆಂಕಿಯ ಅಪಾಯ. 1.5 ವೋಲ್ಟ್ ಕೊಡೋ ಲಿಥಿಯಂ ಚಾರ್ಜಬಲ್ ಸೆಲ್ಲೂ ಈಗ ಇದೆ, ಅದಕ್ಕೆ ಅದರದೇ ಚಾರ್ಜರ್ ಬೇಕು.

ನಿಮ್ಮ ದೊಡ್ಡ ಟಾರ್ಚಿನಲ್ಲಿ 18650 ಲಿಥಿಯಂ ಸೆಲ್ ಇದ್ದರೆ, ಎರಡೂ ಜಾತಿ ಗುರುತಿಸೋ ಯೂನಿವರ್ಸಲ್ ಚಾರ್ಜರ್ ತಗೋಬಹುದು. ಒಳ್ಳೆ 18650 ಸೆಲ್ಲು ಸಾಮಾನ್ಯವಾಗಿ 3500 ಎಂಎಎಚ್ ಆಸುಪಾಸಿನವರೆಗೆ. 9900 ಅಂತ ಬರೆದದ್ದು ಶುದ್ಧ ಸುಳ್ಳು.

ಬೆನ್ನಿಗೆ ಹಾಕೋ ಸ್ಪ್ರೇಯರ್‌ನ 12 ವೋಲ್ಟ್ ಬ್ಯಾಟರಿ ಬೇರೆಯೇ ಕಥೆ, ಅದಕ್ಕೆ ಅದರ ಜೊತೆ ಬಂದ ಚಾರ್ಜರ್ರೇ ಸರಿ.

7. ಸೆಲ್ಲಿನ ಆರೋಗ್ಯ ಪರೀಕ್ಷೆ

ಕೆಲವು ಚಾರ್ಜರ್‌ಗಳಲ್ಲಿ "ಟೆಸ್ಟ್" ಮತ್ತು "ರಿಫ್ರೆಶ್" ಅಂತ ಇರುತ್ತೆ. ಸೆಲ್ಲನ್ನು ಖಾಲಿ ಮಾಡಿ, ತುಂಬಿಸಿ, ನಿಜವಾಗಿ ಎಷ್ಟು ಎಂಎಎಚ್ ಹಿಡಿಯುತ್ತೆ ಅಂತ ತೋರಿಸುತ್ತೆ. ಸ್ವಲ್ಪ ದುಡ್ಡು ಜಾಸ್ತಿ. ಮನೆಯಲ್ಲಿ ಎಂಟಕ್ಕಿಂತ ಹೆಚ್ಚು ಸೆಲ್ ಇದ್ದರೆ ಕೊಡಬಹುದು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕೋರು ನಾವಲ್ಲ, ಅಲ್ವಾ?

ಬಜೆಟ್ ಕಮ್ಮಿ ಇದ್ದರೆ 7ನೇದನ್ನು ಬಿಡಿ. 1 ಮತ್ತು 2 ಬಿಡಬೇಡಿ.

ಮನೆಗೆ ತಂದ ಮೇಲೆ: ವಾಪಸ್ ಕೊಡೋ ದಿನ ಮುಗಿಯೋ ಮುಂಚೆ

ಡಬ್ಬದ ಮೇಲೆ ಬರೆದದ್ದು ನಿಜವಾ ಅಂತ ನೀವೇ ನೋಡಬಹುದು. ನಾಲ್ಕು ಪರೀಕ್ಷೆ:

1. ಒಂದೇ ಸೆಲ್ ಹಾಕಿ. ಚಾರ್ಜ್ ದೀಪ ಹತ್ತದೇ ಇದ್ದರೆ ಅದು ಜೋಡಿ ಚಾರ್ಜರ್. ಪ್ರತಿ ಕಿಂಡಿಯಲ್ಲೂ ಹೀಗೆ ನೋಡಿ.
2. ಈಗಷ್ಟೇ ಪೂರ್ತಿ ತುಂಬಿದ ಸೆಲ್ಲನ್ನು ತೆಗೆದು ಮತ್ತೆ ಹಾಕಿ. ಒಳ್ಳೆ ಚಾರ್ಜರ್ ಸ್ವಲ್ಪ ಹೊತ್ತಲ್ಲಿ, ಹೆಚ್ಚೆಂದರೆ ಅರ್ಧ ಗಂಟೆಯೊಳಗೆ "ತುಂಬಿದೆ" ಅಂತ ನಿಲ್ಲಬೇಕು. ಗಂಟೆಗಟ್ಟಲೆ ಓಡಿದರೆ ಅದು ಬರೀ ಟೈಮರ್. ಕರೆಂಟ್ ಹೋಗಿ ಬರೋ ನಮ್ಮ ಊರಿಗೆ ಇದೇ ಅಸಲಿ ಪರೀಕ್ಷೆ.
3. ಚಾರ್ಜ್ ಮುಗಿಯೋ ಹೊತ್ತಿಗೆ ಸೆಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈಯಲ್ಲಿ ಹತ್ತು ಸೆಕೆಂಡ್ ಹಿಡಿಯೋಕಾಗದಷ್ಟು ಸುಡ್ತಿದ್ದರೆ ಪ್ಲಗ್ ತೆಗೆದು ವಾಪಸ್ ಕೊಡಿ.
4. ಖಾಲಿ ಸೆಲ್ ಹಾಕಿ ಮೊಬೈಲ್‌ನಲ್ಲಿ ಸಮಯ ನೋಡಿಕೊಳ್ಳಿ. ಮೇಲಿನ ಲೆಕ್ಕಕ್ಕೆ ಹತ್ತಿರ ಬರಬೇಕು. 2000 ಎಂಎಎಚ್ ಸೆಲ್ಲು 500ರಲ್ಲಿ ಒಂದೇ ಗಂಟೆಗೆ ಮುಗಿದರೆ ಸೆಲ್ಲು ಹಾಳು, ಇಲ್ಲಾ ಲೇಬಲ್ ಸುಳ್ಳು.

ಸೆಲ್ ಕೊಳ್ಳುವಾಗ ಅದರ ಮೇಲೆ ಬಿಐಎಸ್ ಗುರುತು ಮತ್ತು "ಆರ್" ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇದೆಯಾ ನೋಡಿ. "ಬಿಐಎಸ್ ಕೇರ್" ಆ್ಯಪ್ ಹಾಕ್ಕೊಂಡು ಆ ಸಂಖ್ಯೆ ಟೈಪ್ ಮಾಡಿದರೆ ನಿಜವಾದ ನೋಂದಣಿಯಾ ಅಂತ ತೋರಿಸುತ್ತೆ. ಆ್ಯಪ್ ಉಚಿತ.

ಬಳಸೋ ಕ್ರಮ

ಮಾರ್ಕರ್ ಪೆನ್ನಲ್ಲಿ ಸೆಟ್ ಗುರುತು ಹಾಕಿ. ಹೆಡ್‌ಲ್ಯಾಂಪ್‌ನ ಮೂರಕ್ಕೆ "ಹೆ1", ಇನ್ನೊಂದು ಸೆಟ್‌ಗೆ "ಹೆ2", ಜೊತೆಗೆ ಕೊಂಡ ತಿಂಗಳು. ಒಟ್ಟಿಗೆ ಬಳಸಿ, ಒಟ್ಟಿಗೆ ಚಾರ್ಜ್ ಮಾಡಿ. ಹಳೇದು ಹೊಸದು ಕಲಸಬೇಡಿ.

ದಾಳಿಂಬೆ ಗ್ರೇಡ್ ಮಾಡೋ ಹಾಗೆ ಸೆಲ್ಲನ್ನೂ ಗ್ರೇಡ್ ಮಾಡಿ. ಗಟ್ಟಿ ಇರೋವು ಹೆಡ್‌ಲ್ಯಾಂಪ್‌ಗೆ. ಸಾಮರ್ಥ್ಯ ಮುಕ್ಕಾಲಿಗಿಂತ ಕೆಳಗೆ ಬಂದವು ರೇಡಿಯೋಗೆ, ಮಕ್ಕಳ ಆಟಿಕೆಗೆ. ಟೆಸ್ಟ್ ಇರೋ ಚಾರ್ಜರ್ ಇಲ್ಲದಿದ್ದರೆ, ಪೂರ್ತಿ ಚಾರ್ಜ್ ಮಾಡಿದ ಸೆಟ್ಟನ್ನು ಹೆಡ್‌ಲ್ಯಾಂಪ್‌ಗೆ ಹಾಕಿ, ಮನೇಲಿ ಹಚ್ಚಿಟ್ಟು, ಎಷ್ಟು ಹೊತ್ತು ಉರಿಯಿತು ಅಂತ ಬರ್ಕೊಳ್ಳಿ. ಮಂಕಾದ ಕೂಡಲೇ ಆಫ್ ಮಾಡಿ, ಪೂರ್ತಿ ಸಾಯೋವರೆಗೆ ಬಿಡಬೇಡಿ. ಆರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಇಳಿಕೆ ತಾನೇ ಗೊತ್ತಾಗುತ್ತೆ. ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿದರೆ ಸಾಲದು. ಸೋತ ಸೆಲ್ಲೂ ಚಾರ್ಜ್ ಆದ ಕೂಡಲೇ 1.3, 1.4 ತೋರಿಸಿ ಮೋಸ ಮಾಡುತ್ತೆ.

"ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕಬೇಕು" ಅನ್ನೋದು ಹಳೇ ನಿಕಲ್-ಕ್ಯಾಡ್ಮಿಯಂ ಸೆಲ್ಲಿನ ಕಾಲದ ಮಾತು. ಈಗಿನದಕ್ಕೆ ಬೇಕಿಲ್ಲ. ಅರ್ಧ ಇದ್ದರೂ ರಾತ್ರಿ ಪಾಳಿಗೆ ಮುಂಚೆ ತುಂಬಿಸಿ.

ಎಲ್ಲಕ್ಕೂ ಚಾರ್ಜಬಲ್ ಸೆಲ್ಲೇ ಬೇಕು ಅಂತಿಲ್ಲ. ಗೋಡೆ ಗಡಿಯಾರಕ್ಕೆ ಸಾದಾ ಸೆಲ್ ಸಾಕು. ಟಿವಿ ರಿಮೋಟಿಗೂ ಅಷ್ಟೇ. ಡ್ರಿಪ್ ಟೈಮರ್ ವಿಷಯದಲ್ಲಿ ಎಚ್ಚರ: ಕೆಲವು ಟೈಮರ್ 1.2 ವೋಲ್ಟನ್ನು "ಸೆಲ್ ಖಾಲಿ" ಅಂತ ತಿಳ್ಕೊಳ್ಳುತ್ತೆ. ಬಾಲ್ ವಾಲ್ವ್ ಇರೋ ಕೆಲವು ಟೈಮರ್‌ಗಳಲ್ಲಿ ಸೆಲ್ ಸತ್ತರೆ ವಾಲ್ವ್ ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತೆ. ತೆರೆದಿದ್ದರೆ ಟ್ಯಾಂಕ್ ಪೂರ್ತಿ ಖಾಲಿ. ಕೈಪಿಡಿಯಲ್ಲಿ ಆಲ್ಕಲೈನ್ ಅಂತ ಇದ್ದರೆ ಅದನ್ನೇ ಹಾಕಿ.

ಲೆಕ್ಕ ಹಾಕೋಣ

ಕರೆಂಟ್ ಖರ್ಚು ಲೆಕ್ಕಕ್ಕೇ ಇಲ್ಲ. ಒಂದು ಎಎ ಸೆಲ್ಲಲ್ಲಿ ಹಿಡಿಯೋದು 2.4 ವ್ಯಾಟ್ ಅವರ್. ನಾಲ್ಕಕ್ಕೆ ಸುಮಾರು 10. ನಷ್ಟ ಅಂತ ಅಷ್ಟೇ ಸೇರಿಸಿ 20 ಅನ್ನಿ. ಅಂದರೆ ಒಂದು ಯೂನಿಟ್‌ನಲ್ಲಿ ನಾಲ್ಕು ಸೆಲ್ಲನ್ನು 50 ಸಲ ತುಂಬಬಹುದು.

ಚಾರ್ಜರ್ ಖರ್ಚು ಹೀಗೆ ನೋಡಿ. ಉದಾಹರಣೆಗೆ ಬಿಸಾಡೋ ಸೆಲ್ಲು ಒಂದಕ್ಕೆ 20 ರೂಪಾಯಿ, ತಿಂಗಳಿಗೆ 8 ಬೇಕು ಅಂತ ಇಟ್ಕೊಳ್ಳಿ: 160 ರೂಪಾಯಿ. ಚಾರ್ಜರ್ ಮತ್ತು ಎಂಟು ಸೆಲ್ಲಿಗೆ ಸೇರಿ 2400 ಆದರೆ 15 ತಿಂಗಳಿಗೆ ಅಸಲು ಬಂತು. ನಿಮ್ಮ ಊರಿನ ಬೆಲೆ ಹಾಕಿ ನೀವೇ ಮಾಡಿ. ತಿಂಗಳಿಗೆ ಎರಡೇ ಸೆಲ್ ಬಳಸೋ ಮನೆಗೆ ಇದು ಲಾಭ ಅಲ್ಲ, ಸುಮ್ಮನೆ ಆಲ್ಕಲೈನ್ ತಗೊಳ್ಳಿ ಅಂತಲೇ ನಾನು ಹೇಳೋದು. ಆದರೆ ಅಗ್ಗದ ಚಾರ್ಜರ್‌ಗೆ ಹಾಕಿ ಆರು ತಿಂಗಳಿಗೆ ಒಳ್ಳೆ ಸೆಲ್ ಸುಟ್ಟುಕೊಂಡರೆ ಯಾವ ಲೆಕ್ಕವೂ ಕೂಡಲ್ಲ. ನನಗೆ ಹಾಗೇ ಆಗಿದ್ದು.

ಸತ್ತ ಸೆಲ್ಲನ್ನು ತಿಪ್ಪೆಗೆ ಎಸೀಬೇಡಿ. ಆ ತಿಪ್ಪೆಯೇ ನಾಳೆ ನಮ್ಮ ಗೊಬ್ಬರ. ಸಾವಯವ ಅಂತ ಬೋರ್ಡ್ ಹಾಕಿ ಹೊಲಕ್ಕೆ ನಿಕಲ್, ಹಳೇ ಸೆಲ್ಲಾದರೆ ಕ್ಯಾಡ್ಮಿಯಂ ಹಾಕಿದ ಹಾಗಾಗುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸೋ ಹಾಗಿಲ್ಲ, ಅದನ್ನು ವಾಪಸ್ ಸಂಗ್ರಹಿಸೋ ಹೊಣೆ ತಯಾರಕರದು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಪಟ್ಟಣಕ್ಕೆ ಹೋದಾಗ ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ.

ಕೊನೆಗೆ

ಇಷ್ಟು ನೆನಪಿಟ್ಕೊಳ್ಳಿ: ಒಂದೊಂದು ಸೆಲ್ಲಿಗೆ ಬೇರೆ ಸಾಲು, ತುಂಬಿದ್ದನ್ನು ಗುರುತಿಸಿ ನಿಲ್ಲೋದು, ಎಎಗೆ 500ರಿಂದ 1000 ಮಿಲಿಆಂಪ್, ತಣ್ಣನೆ ಜಾಗ, ಗುರುತು ಹಾಕಿದ ಸೆಟ್, ಜೇಬಲ್ಲಿ ಇನ್ನೊಂದು ಸೆಟ್.

ಈಗ ನಮ್ಮ ಮನೇಲಿ ಹೆಡ್‌ಲ್ಯಾಂಪ್ ಪಕ್ಕ ಒಂದು ಸಣ್ಣ ಡಬ್ಬಿ ಇದೆ, ಅದರಲ್ಲಿ "ಹೆ2" ಸೆಟ್. ಪಕ್ಕದಲ್ಲೇ ಮೊಣಕಾಲುದ್ದದ ಗಂಬೂಟು, ಒಂದು ಕೋಲು. ಚಾರ್ಜರ್ ಎಷ್ಟೇ ಒಳ್ಳೇದಿರಲಿ, ಬೂಟು ಮತ್ತು ಕೋಲಿಲ್ಲದೆ ರಾತ್ರಿ ಹೊಲಕ್ಕೆ ಇಳೀಬೇಡಿ. ಅಕಸ್ಮಾತ್ ಹಾವು ಕಚ್ಚಿದರೆ ಕಟ್ಟು ಬಿಗಿಯೋದು, ಕೊಯ್ಯೋದು, ನಾಟಿ ಔಷಧಿ ಅಂತ ಹೊತ್ತು ಕಳೀಬೇಡಿ, ನೇರ ಪ್ರತಿವಿಷ ಇರೋ ಆಸ್ಪತ್ರೆಗೆ ಹೋಗಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಇದೆ ಅಂತ ಇವತ್ತೇ ಕೇಳಿ ತಿಳ್ಕೊಂಡು ಮೊಬೈಲ್‌ನಲ್ಲಿ ಬರೆದಿಡಿ.

ಅಪ್ಪ ಈಗಲೂ ತಮ್ಮ ಹಳೇ ಟಾರ್ಚನ್ನೇ ಹಿಡಿಯೋದು. ಆದರೆ ಅದರೊಳಗಿನ ಸೆಲ್ಲು ಮಾತ್ರ ನನ್ನ ಚಾರ್ಜರ್‌ನಿಂದ ಬಂದದ್ದು. ಮುಂದಿನ ವಾರ ಮತ್ತೆ ಮಣ್ಣಿಗೆ ಬರೋಣ: ಮುಂಗಾರಿಗೆ ಮುಂಚೆ ಹಸಿರೆಲೆ ಗೊಬ್ಬರ ಯಾವಾಗ ಬಿತ್ತಬೇಕು ಅಂತ ನೋಡೋಣ.